ಲೆಕ್ಕಕ್ಕೆ ಸೇರದ ಗುಂಡು

ಐದು ಗುಂಡು ಮುಗಿದ ಮೇಲೆ ಹೇಳಿಬಿಡುವುದೆಂದು ಓರಿನ್ ಟ್ವೈಟ್ ನಿಶ್ಚಯಿಸಿಕೊಂಡಿದ್ದ. ಐದೂ ಮುಗಿದವು. ನಳಿಕೆ ತಣ್ಣಗಾಗಲೆಂದು ಅಳಿಯ ರಾಯ್ಸ್ ಬಂದೂಕನ್ನು ಮರಳುಚೀಲಕ್ಕೆ ಒರಗಿಸಿದ, ಥರ್ಮಾಸಿನ ಮುಚ್ಚಳಕ್ಕೆ ಕಾಫಿ ಬಗ್ಗಿಸಿಕೊಂಡು ಕುಡಿದ, ಕೊನೆಯ ಗುಟುಕನ್ನು ಜಲ್ಲಿಯ ಮೇಲೆ ಚೆಲ್ಲಿದ. ಮಾತು ಮಾತ್ರ ಬಾಯಿಗೆ ಬರಲಿಲ್ಲ. ವಾಕ್ಯವೇನೂ ದೊಡ್ಡದಲ್ಲ. ‘ರಾಯ್ಸ್, ನನ್ನ ಮಗಳ ಮೇಲೆ ಇನ್ನು ಕೈ ಮಾಡಬೇಡ.’ ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುವಾಗ ಕನ್ನಡಿಯ ಮುಂದೆ ಅದನ್ನು ಎರಡು ಬಗೆಯಲ್ಲಿ ಹೇಳಿ ನೋಡಿದ್ದ. ಒಂದರಲ್ಲಿ ದನಿ ಏರಿತ್ತು. ಅದು ತನ್ನ ವಯಸ್ಸಿಗೆ ಹೊಂದುವುದಿಲ್ಲವೆನ್ನಿಸಿ, ಮೆಲ್ಲಗಿನದನ್ನು ಆರಿಸಿಕೊಂಡಿದ್ದ. ಊರಿನಿಂದ ಈ ಜಲ್ಲಿ ಕ್ವಾರಿಗೆ ಪಿಕಪ್ಪಿನಲ್ಲಿ ಬರುವಾಗ ರಾಯ್ಸ್ ರೇಡಿಯೋದಲ್ಲಿ ಗೋಧಿಯ ಧಾರಣೆ ಕೇಳುತ್ತ, ನಡುನಡುವೆ ಶಿಳ್ಳೆ ಹಾಕುತ್ತ ಪಕ್ಕದಲ್ಲೇ ಕುಳಿತಿದ್ದ. ಆಗಲೂ ಹೇಳಬಹುದಿತ್ತು. ಆದರೆ ಧಾರಣೆ ಮುಗಿಯಲೆಂದು ಕಾದ. ಧಾರಣೆಯ ಬಳಿಕ ಹವಾಮಾನ ಬಂತು. ಹವಾಮಾನದ ನಡುವೆ ಬಾಯಿ ಹಾಕುವ ಅಭ್ಯಾಸ ಮೊಂಟಾನದ ಈ ಬಯಲಿನಲ್ಲಿ ಯಾರಿಗೂ ಇಲ್ಲ.

ಮೂವತ್ತು ವರ್ಷ ಅವನು ಸರ್ಕಾರದ ತೂಕ ಮತ್ತು ಅಳತೆಯ ಇನ್ಸ್‌ಪೆಕ್ಟರನಾಗಿ ದುಡಿದವನು. ಧಾನ್ಯದ ಕಣಜಗಳಿಗೆ ಹೋಗಿ, ಲಾರಿ ನಿಲ್ಲಿಸುವ ತಕ್ಕಡಿಯ ಮೇಲೆ ತನ್ನ ಕಬ್ಬಿಣದ ತೂಕದ ಕಲ್ಲುಗಳನ್ನಿರಿಸಿ, ತನಗಿಂತ ಒಂದು ಗೇಣು ಎತ್ತರದ ಮಾಲೀಕರ ಮುಖಕ್ಕೇ ‘ನಿಮ್ಮ ತಕ್ಕಡಿ ಸುಳ್ಳು ಹೇಳುತ್ತಿದೆ’ ಎಂದು, ಬಳಸಬಾರದೆಂಬ ಕೆಂಪು ಚೀಟಿ ಕಟ್ಟಿ ಬಂದವನು. ಒಬ್ಬ ಅವನ ಮೇಲೆ ನಾಯಿ ಬಿಟ್ಟಿದ್ದ. ಇನ್ನೊಬ್ಬ ಕ್ರಿಸ್ಮಸ್ಸಿಗೆ ಅರ್ಧ ಕರು ಕಳಿಸಿದ್ದ. ಅದನ್ನು ಹಾಗೆಯೇ ಹಿಂದಕ್ಕೆ ಕಳಿಸಿದ್ದಕ್ಕೆ ಹೆಂಡತಿ ಆರ್ಡಿಸ್ ವಾರವಿಡೀ ಮಾತು ಬಿಟ್ಟಿದ್ದಳು. ಕಬ್ಬಿಣದ ಎದುರು ನಾಲಗೆಗೆ ಅಷ್ಟೊಂದು ಸಲೀಸಾಗಿದ್ದ ಸತ್ಯ, ಮನೆಯ ಊಟದ ಮೇಜಿನ ಎದುರು ಎಲ್ಲಿ ಅಡಗಿಕೊಂಡಿತು ಎಂಬುದನ್ನು ಅವನು ತನ್ನನ್ನು ತಾನು ಕೇಳಿಕೊಂಡಿರಲಿಲ್ಲ. ಕೇಳಿಕೊಳ್ಳದಿರುವುದೂ ಒಂದು ಬಗೆಯ ಸುಳ್ಳೆಂಬುದು ಪರರ ತಕ್ಕಡಿಯ ವಿಷಯದಲ್ಲಿ ಅವನಿಗೆ ಚೆನ್ನಾಗಿ ಗೊತ್ತಿತ್ತು.

“ಓದಿ ಇನ್ಸ್‌ಪೆಕ್ಟರೇ, ಇನ್ನೊಂದು ಸಲ. ಏನೇನು ಬಂತು?” ಎಂದು ರಾಯ್ಸ್ ಕೇಳಿದ.

ಕ್ಯಾಮೆರಾ ನಿಲ್ಲಿಸುವ ಮೂರು ಕಾಲಿನ ಮೇಲೆ, ಬಂದೂಕಿನ ಬಾಯಿಂದ ಐದಾರು ಹೆಜ್ಜೆ ಮುಂದೆ ವೇಗಮಾಪಕ ನಿಂತಿತ್ತು. ಒಂದರ ಹಿಂದೊಂದು ಎರಡು ಕಣ್ಣು, ಅವುಗಳ ಮೇಲೆ ಕಮಾನಿನಂತೆ ಬಾಗಿದ ಎರಡು ಬಿಳಿ ಹಾಳೆ. ಗುಂಡಿನ ನೆರಳು ಮೊದಲ ಕಣ್ಣಿನ ಮೇಲೆ ಹಾಯ್ದಾಗ ಅದರೊಳಗಿನ ಗಡಿಯಾರ ಹೊರಡುತ್ತದೆ. ಎರಡನೆಯದರ ಮೇಲೆ ಹಾಯ್ದಾಗ ನಿಲ್ಲುತ್ತದೆ. ಎರಡು ನೆರಳುಗಳ ನಡುವಿನ ಹೊತ್ತಿನಿಂದ ವೇಗ ಸಿಗುತ್ತದೆ, ಸೆಕೆಂಡಿಗೆ ಇಷ್ಟು ಅಡಿ ಎಂದು. ಉದ್ದನೆಯ ತಂತಿಯ ತುದಿಯಲ್ಲಿದ್ದ ಪುಟ್ಟ ಪರದೆ ಓರಿನ್‌ನ ತೊಡೆಯ ಮೇಲಿತ್ತು. ಏಪ್ರಿಲ್ ತಿಂಗಳ ಮೋಡ ಆಕಾಶದ ತುಂಬ ಒಂದೇ ಸಮನಾಗಿ ಹರಡಿತ್ತು. ಈ ಯಂತ್ರಕ್ಕೆ ಬೇಕಾದುದು ಅಂಥದೇ ಬೆಳಕು.

“ಸಾವಿರದ ಆರುನೂರ ಎರಡು. ಸಾವಿರದ ಐನೂರ ತೊಂಬತ್ತನಾಲ್ಕು. ಸಾವಿರದ ಆರುನೂರ ಹನ್ನೊಂದು. ಸಾವಿರದ ಐನೂರ ತೊಂಬತ್ತೆಂಟು.” ಓರಿನ್ ತಡೆದ. “ಕೊನೆಯದು ಸಾವಿರದ ಐನೂರ ಮೂವತ್ತಮೂರು.”

“ಅದನ್ನ ಬಿಟ್ಬಿಡಿ. ಗುರಿ ಹಲಗೇಲೂ ನೋಡಿ, ನಾಲ್ಕು ಒಂದೇ ಮುಷ್ಟೀಲಿವೆ, ಅದೊಂದು ಮಾತ್ರ ಪಕ್ಕದ ಜಿಲ್ಲೇಲಿದೆ. ಹಾರುಗುಂಡು.” ರಾಯ್ಸ್ ನಕ್ಕ. ನಕ್ಕರೆ ಚೆಂದದ ಮುಖ. “ನಿಮ್ಮ ಹಾಗೆ, ಓರಿನ್. ಚರ್ಚಲ್ಲಿ ಎಲ್ರೂ ಒಂದು ರಾಗ ಹಾಡಿದ್ರೆ ನೀವೊಬ್ರು ಇನ್ನೊಂದು.”

ಹಾರುಗುಂಡು. ಕೈಯಾರೆ ತೋಟಾ ತುಂಬುವವರ ನಡುವೆ ಇದೊಂದು ರೂಢಿ. ಗುಂಪಿನಿಂದ ದೂರ ಬಿದ್ದ ಗುಂಡಿಗೆ ಹಾರುಗುಂಡೆಂದು ಹೆಸರಿಟ್ಟು, ಗಾಳಿಯೆಂದೋ ರೆಪ್ಪೆ ಮಿಟುಕಿತೆಂದೋ ನೆವ ಹುಡುಕಿ, ಲೆಕ್ಕದಿಂದ ಕೈಬಿಡುವುದು. ಉಳಿದ ನಾಲ್ಕರ ಸರಾಸರಿ ತೆಗೆದು ಬಂದೂಕು ಒಳ್ಳೆಯದೆಂದು ಹೇಳಿಕೊಳ್ಳುವುದು. ಹೊಡೆದದ್ದು ಅದೇ ಬಂದೂಕು, ತುಂಬಿದ್ದು ಅದೇ ಕೈ ಎಂಬುದನ್ನು ಎಲ್ಲರೂ ಬಲ್ಲರು, ಯಾರೂ ಆಡರು. ಫೆಬ್ರವರಿಯಲ್ಲಿ ಆರ್ಡಿಸ್‌ಳ ಅಡುಗೆಮನೆಯಲ್ಲಿ ಮಗಳು ಮಾರ್ನಾ ಕೋಟನ್ನೂ ಬಿಚ್ಚದೆ ಕುಳಿತಿದ್ದಳು. ದವಡೆಯ ಮೇಲಿನ ಹಳದಿ ಕಲೆಗೆ ಕುದುರೆ ಸಾಗಿಸುವ ಟ್ರೇಲರಿನ ಬಾಗಿಲು ಕಾರಣವಲ್ಲ, ರಾಯ್ಸ್ ಕಾರಣ ಎಂದಳು. ಓರಿನ್ ಸಕ್ಕರೆ ಹಾಕಿಕೊಳ್ಳದವನು, ಆದರೂ ಕಾಫಿಯನ್ನು ಬಹಳ ಹೊತ್ತು ಕದಡಿದ್ದ. ರಾಯ್ಸ್ ಒಳ್ಳೆಯವನಲ್ಲವೇ? ಹಿಮ ಬಿದ್ದ ಮರುದಿನ ಹೇಳದೆಯೇ ಬಂದು ಅತ್ತೆಯ ಅಂಗಳ ಚೊಕ್ಕ ಮಾಡಿಕೊಡುವವನು. ಬೇಲಿ ಹಾಕುವ ಕೆಲಸದಲ್ಲಿ ಮೂರು ತಾಲ್ಲೂಕಿಗೆ ಹೆಸರಾದವನು. “ನಾಲ್ಕು ಗುಂಡು ಒಂದೇ ಕಡೆ ಬಿದ್ದು, ಐದನೇದು ದೂರ ಹೋಯ್ತು ಅಂತ ಬಂದೂಕನ್ನೇ ಎಸೀತಾರಾ, ಮಗಳೇ? ಹಾರುಗುಂಡು ಅಂದ್ಕೋ” ಎಂದಿದ್ದ. ಮಾರ್ನಾ ಒಂದು ಗಳಿಗೆ ಅವನನ್ನೇ ನೋಡಿ ನಕ್ಕಳು. ಅವಳಿಗೆ ಸಮಾಧಾನವಾಯಿತೆಂದು ಅವನು ತಿಳಿದ. ಆರ್ಡಿಸ್ ಓವನ್ನಿನ ಬಾಗಿಲನ್ನು ಮುಚ್ಚಬೇಕಾದುದಕ್ಕಿಂತ ಜೋರಾಗಿ ಮುಚ್ಚಿದಳು.

“ಕರಡಿ ಏನೂ ನಿಂತು ಅಳತೆ ಕೊಡಲ್ಲ ಬಿಡಿ” ಎನ್ನುತ್ತ ರಾಯ್ಸ್ ಬಂದೂಕಿನ ಹೊಟ್ಟೆಗೆ ತೋಟಾಗಳನ್ನು ಒಂದೊಂದಾಗಿ ಒತ್ತಿದ. ಹಿಮ ಕರಗಿದ ಬೆಟ್ಟಗಳಲ್ಲಿ ಸಾರಂಗಗಳು ಉದುರಿಸಿದ ಕೊಂಬು ಆಯಲು ಮುಂದಿನ ವಾರ ಹೊರಡುವವನಿದ್ದ. ಚಳಿಗಾಲದ ನಿದ್ದೆಯಿಂದ ಆಗತಾನೇ ಎದ್ದ ಕರಡಿಗಳೂ ಅದೇ ಬೆಟ್ಟಗಳಲ್ಲಿ ಓಡಾಡುತ್ತವೆ. ಅದಕ್ಕೆಂದೇ ಲಿವರ್ ಎಳೆದು ಹೊಡೆಯುವ ಈ ಗಿಡ್ಡ ಬಂದೂಕು, ಅದಕ್ಕೆಂದೇ ಭಾರದ ಗುಂಡು. ತೋಟಾ ತುಂಬಿ ವೇಗ ನೋಡಿಕೊಡುತ್ತೇನೆಂದು ಓರಿನ್ ತಾನಾಗಿಯೇ ಹೇಳಿದ್ದ. ಗಂಡಸರಿಬ್ಬರೂ ಮರಳುಚೀಲದ ಹಿಂದೆ ಕುಳಿತಾಗ ಮಾತು ತಾನಾಗಿ ಬಂದೀತೆಂದು ಆರ್ಡಿಸ್‌ಗೂ ಹೇಳಿ, ತನಗೂ ಹೇಳಿಕೊಂಡಿದ್ದ.

ನಿನ್ನೆ ಮಧ್ಯಾಹ್ನ ಗ್ಯಾರೇಜಿನ ಮೇಜಿನ ಮೇಲೆ, ತೂತು ಕೊರೆದ ಮರದ ದಿಮ್ಮಿಯಲ್ಲಿ ಹಿತ್ತಾಳೆಯ ಖಾಲಿ ತೋಟಾಗಳು ಬಾಯಿ ತೆರೆದು ಸಾಲಾಗಿ ನಿಂತಿದ್ದವು. ಪುಟ್ಟ ತಕ್ಕಡಿಯಲ್ಲಿ ಮದ್ದು ತೂಗಿ, ಆಲಿಕೆಯಲ್ಲಿ ಒಂದೊಂದಕ್ಕೂ ಸುರಿಯುತ್ತಿದ್ದಾಗ ಬಾಗಿಲಲ್ಲಿ ಮಾರ್ನಾ ನಿಂತಿದ್ದಳು. ಬಲಗೈಯ ಎರಡು ಬೆರಳನ್ನು ಒಟ್ಟಿಗೆ ಸೇರಿಸಿ, ವಿದ್ಯುತ್ ತಂತಿಗೆ ಸುತ್ತುವ ಕಪ್ಪು ಟೇಪನ್ನು ಸುತ್ತಿಕೊಂಡಿದ್ದಳು. ಅವಳು ಬಾಯಿ ತೆರೆಯುವ ಮೊದಲೇ ಅವನು ಕೇಳಿದ್ದ:

“ಕಾರಿನ ಬಾಗಿಲಾ?”

ಆ ಸುಳ್ಳನ್ನು ಅವಳು ತಂದಿರಲಿಲ್ಲ. ತಂದೆಯೇ ಅದನ್ನು ಎತ್ತಿ ಮಗಳ ಕೈಗಿತ್ತಿದ್ದ. “ಹೂಂ, ಕಾರಿನ ಬಾಗಿಲು” ಎಂದು ಅವಳು ತೆಗೆದುಕೊಂಡಳು. ಮೇಜಿನ ಬಳಿ ಬಂದು, ಮೊಳೆಗೆ ನೇತುಹಾಕಿದ್ದ ಟಾರ್ಚನ್ನು ಎಡಗೈಯಿಂದ ಮುಟ್ಟಿದಳು. ಒಂಬತ್ತು ವರ್ಷದವಳಿದ್ದಾಗ ಸ್ಟೂಲಿನ ಮೇಲೆ ಹತ್ತಿ ಆ ಟಾರ್ಚನ್ನು ಹಿಡಿಯುತ್ತಿದ್ದವಳು ಅವಳೇ. ಗುಂಡು ಕೂರಿಸುವ ಮುನ್ನ ಪ್ರತಿಯೊಂದು ತೋಟಾದ ಬಾಯಿಗೂ ಬೆಳಕು ಬಿಟ್ಟು ಮದ್ದಿನ ಮಟ್ಟ ನೋಡಬೇಕು; ಅದು ಈ ಮನೆಯ ಮೊದಲ ಆಜ್ಞೆ. ಮದ್ದಿಲ್ಲದ ತೋಟಾವನ್ನು ಹೊಡೆದರೆ ಬುಡದ ಕೇಪು ಮಾತ್ರ ಸಿಡಿದು ‘ಟಪ್’ ಎನ್ನುತ್ತದೆ. ಆ ಬಲಕ್ಕೆ ಗುಂಡು ನಳಿಕೆಯ ನಡುವಿನವರೆಗೆ ಹೋಗಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದರ ಹಿಂದೆ ಇನ್ನೊಂದನ್ನು ಹೊಡೆದರೆ ನಳಿಕೆ ಸೀಳುತ್ತದೆ. ‘ಟಪ್ ಅಂದ್ರೆ ಏನು ಮಾಡ್ತೀ?’ ‘ಬಂದೂಕು ಕೆಳಗಿಡ್ತೀನಿ, ಡ್ಯಾಡ್!’ ‘ಯಾರಾದ್ರೂ ನಗಾಡಿದ್ರೆ?’ ‘ಆದ್ರೂ ಕೆಳಗಿಡ್ತೀನಿ!’

“ಬೆಳಕು ಬಿಟ್ಟು ನೋಡಿದ್ಯಾ?” ಎಂದು ನಿನ್ನೆ ಆ ಮಗಳು ಕೇಳಿದಳು.

“ನೋಡ್ತೀನಿ ಬಿಡು.”

“ಡ್ಯಾಡ್, ನಾಳೆ ಅವನನ್ನ ಮಧ್ಯಾಹ್ನದವರೆಗೂ ಕ್ವಾರೀಲೇ ಇಟ್ಕೋ. ಬೇಗ ಮನೆಗೆ ಬಿಡಬೇಡ. ಅಷ್ಟು ಮಾಡು ಸಾಕು.”

ಅವನು ತಲೆಯಾಡಿಸಿದ್ದ. ಯಾಕೆಂದು ಕೇಳಲಿಲ್ಲ. ಗಂಡನಿಗೆ ಬುದ್ಧಿ ಹೇಳೆಂದು ಬೇಡುತ್ತಿದ್ದಾಳೆ, ಬಾಯಿಬಿಟ್ಟು ಹೇಳಲು ನಾಚಿಕೆ ಎಂದು ಅರ್ಥ ಮಾಡಿಕೊಂಡ. ಅವಳ ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಗ್ಯಾರೇಜಿನ ಬಾಗಿಲಲ್ಲಿ ನಿಂತಿದ್ದು, ಮೇಜಿಗೆ ಮರಳಿ, ಎಲ್ಲಿಗೆ ನಿಲ್ಲಿಸಿದ್ದೆನೆಂದು ನೋಡದೆ ಉಳಿದವಕ್ಕೆ ಮದ್ದು ಸುರಿದು, ಒಂದೊಂದೇ ಗುಂಡನ್ನು ಕೂರಿಸಿ ಮುಗಿಸಿದ. ಟಾರ್ಚು ಮೊಳೆಯಲ್ಲೇ ಇತ್ತು. ಇಂದು ಬೆಳಿಗ್ಗೆ ಪೆಟ್ಟಿಗೆಯನ್ನು ಪಿಕಪ್ಪಿಗೆ ಇಡುವಾಗ ಅದು ನೆನಪಾಯಿತು. ಬೇರೆ ಯಾರದಾದರೂ ಕೆಲಸವಾಗಿದ್ದರೆ ಎಲ್ಲ ಗುಂಡನ್ನೂ ಕೀಳಿಸಿ ಹೊಸದಾಗಿ ತುಂಬಿಸುತ್ತಿದ್ದ. ತನ್ನ ಕೈಯ ಮೇಲೆ ತನಗೆ ನಂಬಿಕೆಯಿದೆಯೆಂದುಕೊಂಡು ಪೆಟ್ಟಿಗೆಯ ಮುಚ್ಚಳ ಹಾಕಿದ.

“ಕಿವಿ!” ಎಂದು ರಾಯ್ಸ್ ಕೂಗಿದ. ಇಬ್ಬರೂ ಕಿವಿಗೆ ಕಾಪು ಏರಿಸಿಕೊಂಡರು. ಮಾತನ್ನು ಒಳಬಿಟ್ಟು ಸ್ಫೋಟವನ್ನು ಮಾತ್ರ ತಡೆಯುವ ಬಗೆಯವು.

ಈ ಐದು ಮುಗಿದ ಮೇಲೆ ಖಂಡಿತ ಹೇಳುವುದು. ಮೊದಲನೆಯದು ಸಿಡಿಯಿತು. “ಸಾವಿರದ ಆರುನೂರ ಏಳು.” ಎದುರಿನ ಮಣ್ಣುದಿಬ್ಬದಿಂದ ಧೂಳೆದ್ದಿತು. ಎರಡನೆಯದು. “ಸಾವಿರದ ಆರುನೂರ ಒಂದು.” ರಾಯ್ಸ್‌ನ ಭುಜ ಹಿಂದಕ್ಕೆ ಹಾರಿ ಮುಂದಕ್ಕೆ ಬಂತು. ಆ ಭುಜದ ಕೆಳಗಿನ ತೋಳು, ಆ ತೋಳಿನ ತುದಿಯ ಮುಷ್ಟಿ. ಮುಷ್ಟಿಗೆ ವೇಗವೆಷ್ಟಿರಬಹುದು ಎಂಬ ಪ್ರಶ್ನೆ ಓರಿನ್‌ನಲ್ಲಿ ತನ್ನಿಂದ ತಾನೇ ಎದ್ದಿತು. ದವಡೆಗೆ ಮುಟ್ಟುವ ಹೊತ್ತಿಗೆ ಎಷ್ಟು? ಬೆರಳುಗಳನ್ನು ಹಿಡಿದು ಹಿಂದಕ್ಕೆ ಬಗ್ಗಿಸುವುದಕ್ಕೆ ವೇಗವೇ ಬೇಕಿಲ್ಲ. ಅದನ್ನು ನಿಧಾನವಾಗಿ ಮಾಡಬೇಕು, ಮಾಡುವಾಗ ಎದುರಿನ ಮುಖವನ್ನು ನೋಡುತ್ತಿರಬೇಕು. ಕಾರಿನ ಬಾಗಿಲು ಎರಡೇ ಬೆರಳನ್ನು ಆರಿಸಿ ಮುರಿಯುವುದಿಲ್ಲ. ಇದು ನಿನ್ನೆಯೇ ಗೊತ್ತಿತ್ತು. ಮಣಿಕಟ್ಟನ್ನು ಮೇಜಿಗೆ ಒತ್ತಿ ಹಿಡಿದು... ಯಾವ ಮೇಜು? ಮದುವೆಗೆಂದು ತಾನೇ ಓಕ್ ಮರದಲ್ಲಿ ಮಾಡಿಕೊಟ್ಟದ್ದೇ?

ಟಪ್.

ಸದ್ದು ಸಣ್ಣದು. ಒಣ ಕಡ್ಡಿ ಮುರಿದಷ್ಟು. ದಿಬ್ಬದಲ್ಲಿ ಧೂಳೇಳಲಿಲ್ಲ. ಭುಜ ಕದಲಲಿಲ್ಲ. ತೊಡೆಯ ಮೇಲಿನ ಪರದೆ ಖಾಲಿಯಾಗಿತ್ತು.

“ಇದೇನಿದು, ಬೆಣ್ಣೆ ಹಾಕಿದ್ರಾ ಒಳಗೆ?” ರಾಯ್ಸ್ ಬಂದೂಕನ್ನು ಕೆನ್ನೆಯಿಂದ ತೆಗೆಯದೆಯೇ ಕೇಳಿದ. “ಬಂತಾ?”

ನಿನ್ನೆಯ ದಿಮ್ಮಿ ಕಣ್ಣಿಗೆ ಕಟ್ಟಿತು. ಅದರಲ್ಲಿ ಮಗಳು ಬಾಗಿಲಲ್ಲಿ ನಿಂತ ಗಳಿಗೆ, ಆಲಿಕೆ ತಡೆದು ನಿಂತ ಆ ಒಂದೇ ತೂತು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಮೂವತ್ತು ವರ್ಷ ಸುಳ್ಳು ತಕ್ಕಡಿಗಳ ಮುಂದೆ ನಿಂತ ಮನುಷ್ಯ ಅಷ್ಟು ಖಚಿತವಾಗಿ ಹಿಂದೆಂದೂ ಏನನ್ನೂ ತಿಳಿದಿರಲಿಲ್ಲ.

“ಸಂಖ್ಯೆ ಬರಲಿಲ್ಲ” ಎಂದ.

ಅದು ನಿಜ. ಒಂದಕ್ಷರವೂ ಸುಳ್ಳಲ್ಲ. ಯಾವ ನ್ಯಾಯಾಲಯದ ಮುಂದೆ ನಿಲ್ಲಿಸಿದರೂ ಆ ಮಾತು ಅಲುಗುವುದಿಲ್ಲ.

“ನಿಮ್ಮ ಯಂತ್ರಕ್ಕೂ ನಿಮ್ಮಷ್ಟೇ ವಯಸ್ಸಾಯ್ತು ಇನ್ಸ್‌ಪೆಕ್ಟರೇ, ನಿದ್ದೆ ಹೊಡೀತಿದೆ” ಎಂದು ರಾಯ್ಸ್ ಲಿವರನ್ನು ಕೆಳಕ್ಕೆ ಒತ್ತಿದ. ಖಾಲಿ ಹಿತ್ತಾಳೆ ಹಾರಿ ಜಲ್ಲಿಯ ಮೇಲೆ ಬಿದ್ದು ಸಣ್ಣಗೆ ಕಿಣಿಗುಟ್ಟಿತು. ಲಿವರನ್ನು ಮೇಲಕ್ಕೆ ಎಳೆದ. ಹೊಸ ತೋಟಾ ಒಳಗೆ ಹೋಗಿ ಕುಳಿತ ಸದ್ದು ಓರಿನ್‌ನ ಹಲ್ಲಿನಲ್ಲಿ ಕೇಳಿಸಿತು. ಎಡಗೈ ನಳಿಕೆಯ ಕೆಳಗಿನ ಮರವನ್ನು ಹಿಡಿದಿತ್ತು. ಬೇಲಿಯ ಕಂಬದ ಮೇಲೆ ಹಳದಿ ಎದೆಯ ಹಕ್ಕಿಯೊಂದು ಕುಳಿತು ಕೂಗುತ್ತಿತ್ತು. ಕೂಗು ಪೂರ್ತಿಯಾಗುವವರೆಗೂ ಅವನು ಕೇಳಿದ. ಅಷ್ಟು ಹೊತ್ತಿತ್ತು. ಅಷ್ಟರಲ್ಲಿ ಎದ್ದು ನಿಲ್ಲಬಹುದಿತ್ತು, ತಂತಿ ಎಳೆದು ಮೂರು ಕಾಲನ್ನೇ ಕೆಡವಬಹುದಿತ್ತು, ಒಂದು ಜಲ್ಲಿಕಲ್ಲು ಎಸೆಯಬಹುದಿತ್ತು. ರಾಯ್ಸ್ ಉಸಿರು ಬಿಟ್ಟು, ಅರ್ಧದಲ್ಲಿ ಹಿಡಿದ. ಹಾಗೆ ಹಿಡಿಯಲು ಕಲಿಸಿದವನು ಓರಿನ್. ಆಗ ಅವನ ಬಾಯಿ ತೆರೆಯಿತು. ಬೆಳಗಿನಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ವಾಕ್ಯದ ಮೊದಲ ಪದ ಹೊರಗೆ ಬಂತು.

“ರಾಯ್ಸ್—”

ಬಂದೂಕು ಒಡೆಯಿತು. ಅದು ಗುಂಡಿನ ಸದ್ದಾಗಿರಲಿಲ್ಲ. ಲೋಹ ತನ್ನ ಹೊಟ್ಟೆಯನ್ನು ತಾನೇ ಹರಿದುಕೊಂಡ ಸದ್ದು. ನಳಿಕೆ ನಡುವಿನಲ್ಲಿ ಸಿಪ್ಪೆಯಂತೆ ಸುಲಿದು ನಿಂತಿತ್ತು. ಕೆಳಗಿನ ಮರವಿರಲಿಲ್ಲ. ಮರವನ್ನು ಹಿಡಿದಿದ್ದ ಕೈ ಇತ್ತು, ಆದರೆ ಅದನ್ನು ಕೈ ಎನ್ನಲು ಬೇಕಾದದ್ದು ಬಹಳ ಉಳಿದಿರಲಿಲ್ಲ. ರಾಯ್ಸ್ ಕುಳಿತಲ್ಲೇ ಅದನ್ನು ಮುಖದ ಮುಂದೆ ಹಿಡಿದುಕೊಂಡು, ಯಾರದೋ ವಸ್ತುವೆಂಬಂತೆ ನೋಡುತ್ತಿದ್ದ. ಮಣಿಕಟ್ಟಿನಿಂದ ಮೊಣಕೈಗೆ ಇಳಿದ ರಕ್ತ ಮರಳುಚೀಲದ ಮೇಲೆ ತೊಟ್ಟಿಕ್ಕದೆ ಸುರಿಯಿತು. ಆಮೇಲೆ ಅವನು ಕಿರುಚತೊಡಗಿದ. ಕಿವಿಯ ಕಾಪು ಆ ಕಿರುಚಾಟವನ್ನು ಮೊದಮೊದಲು ತಡೆಯಿತು, ಆಮೇಲೆ ಮಾತೆಂದು ತಿಳಿದು ಒಳಬಿಟ್ಟಿತು. ಓರಿನ್‌ನ ಕಣ್ಣು ರೂಢಿಯ ಬಲದಿಂದ ತೊಡೆಯ ಕಡೆಗೆ ಹೋಯಿತು. ಪರದೆಯ ಮೇಲೆ ಸಂಖ್ಯೆ ಬಂದಿತ್ತು: ನಾನೂರ ಹನ್ನೆರಡು. ಯಾವುದೋ ಚೂರು, ಮರದ್ದೋ ಉಕ್ಕಿನದ್ದೋ ಬೆರಳಿನದ್ದೋ, ಎರಡು ಕಣ್ಣುಗಳ ಮೇಲೆ ಹಾಯ್ದುಹೋಗಿತ್ತು. ಅವನ ತುಟಿಗಳು ಆ ಸಂಖ್ಯೆಯನ್ನು ಓದಿ ಮುಗಿಸಿದವು.

ಬೆಲ್ಟು ಬಿಚ್ಚಿ ಮೊಣಕೈಯ ಮೇಲೆ ಬಿಗಿದ. ಪಿಕಪ್ಪಿಗೆ ಹೊತ್ತು ಹಾಕಿದ. ಜಲ್ಲಿ ರಸ್ತೆಯಲ್ಲಿ ಗಾಡಿ ಕುಪ್ಪಳಿಸಿದಾಗಲೆಲ್ಲ ರಾಯ್ಸ್‌ನ ತಲೆ ಕಿಟಕಿಗೆ ಬಡಿಯುತ್ತಿತ್ತು. ಅವನು ಅಳುತ್ತಿದ್ದ, ಅಳುವಾಗ ತೀರ ಹುಡುಗನಂತೆ ಕಾಣುತ್ತಿದ್ದ. “ಮಾರ್ನಾಗೆ ಫೋನ್ ಮಾಡಿ ಓರಿನ್. ಅವಳು ಬರ್ಬೇಕು. ಅವಳಿಲ್ದೆ ನಾನು ಒಳಗೆ ಹೋಗಲ್ಲ. ದಯವಿಟ್ಟು.” ದಯವಿಟ್ಟು ಎಂಬ ಪದವನ್ನು ಅವನ ಬಾಯಲ್ಲಿ ಓರಿನ್ ಹಿಂದೆ ಕೇಳಿರಲಿಲ್ಲ. ಫೋನು ಬಹಳ ಹೊತ್ತು ಗುಂಯ್‌ಗುಟ್ಟಿತು.

“ಎಲ್ಲಿದ್ದೀಯಮ್ಮ?”

“ಮನೇಲಿ” ಎಂದಳು ಮಾರ್ನಾ. ಅವಳ ದನಿಯ ಹಿಂದೆ ಗಾಳಿಯಿತ್ತು. ದೊಡ್ಡ ಲಾರಿಯೊಂದು ಹಾಯ್ದುಹೋದ ಮೊರೆತವಿತ್ತು. ಅದನ್ನೂ ಅವನು ಕೇಳಿಸಿಕೊಂಡ. ಅದರ ಬಗ್ಗೆಯೂ ಕೇಳಲಿಲ್ಲ. ಆದದ್ದನ್ನು ಹೇಳಿದ. ಆ ಕಡೆ ಕಾರು ನಿಧಾನವಾಗಿ ರಸ್ತೆಯ ಬದಿಗೆ ಇಳಿದು ನಿಂತದ್ದು ಕೇಳಿಸಿತು.

ಮನೆಯಿಂದ ಆಸ್ಪತ್ರೆ ಹತ್ತು ನಿಮಿಷದ ದಾರಿ. ಅವಳು ಬಂದಾಗ ಮಧ್ಯಾಹ್ನ ಕಳೆದಿತ್ತು. ಕಿಟಕಿಯಿಂದ ಓರಿನ್ ಅವಳ ಕಾರನ್ನು ಕಂಡ: ಚಕ್ರದ ಮೇಲೆಲ್ಲ ಪಶ್ಚಿಮದ ಕಣಿವೆಯ ಕೆಂಪು ಕೆಸರು; ಹಿಂದಿನ ಸೀಟಿನಲ್ಲಿ ಚಾವಣಿ ಮುಟ್ಟುವಂತೆ ಬಟ್ಟೆಯ ಚೀಲಗಳು, ಅವುಗಳ ಮೇಲೆ ಅವಳ ಅಜ್ಜಿ ಹೊಲಿದ ರಜಾಯಿ. ಎಲ್ಲವೂ ಆಗ ಒಂದೇ ಏಟಿಗೆ ತಿಳಿಯಿತು. ಬುದ್ಧಿ ಹೇಳೆಂದು ಅವಳು ಬೇಡಿರಲಿಲ್ಲ. ಮಧ್ಯಾಹ್ನದವರೆಗೆ ಬೇಕಾಗಿದ್ದುದು, ಅವನನ್ನು ಬಿಟ್ಟು ದೂರ ಹೋಗುವಷ್ಟು ದಾರಿ.

ಅವಳು ಪಕ್ಕದ ಕುರ್ಚಿಯಲ್ಲಿ ಕುಳಿತಳು. ಟೇಪು ಸುತ್ತಿದ ಬೆರಳುಗಳು ಮಡಿಲಲ್ಲಿದ್ದವು. ಅವನ ಅಂಗಿಯ ರಕ್ತವನ್ನು ನೋಡಿದಳು, ಮುಖವನ್ನು ನೋಡಲಿಲ್ಲ.

“ಎರಡು ಬೆಟ್ಟ ದಾಟಿದ್ದೆ” ಎಂದಳು. “ಹೇಳು. ಹ್ಯಾಗಾಯ್ತು?”

“ಮದ್ದಿಲ್ಲದ್ದು ಒಂದು ಸೇರ್ಕೊಂಡಿತ್ತು.”

“ಹಾಗಿದ್ರೆ ಟಪ್ ಅಂದಿರುತ್ತೆ.”

“ಅಂತು.”

“ನಿನಗೆ ಕೇಳಿಸ್ತು.”

ಪಾನೀಯ ಮಾರುವ ಯಂತ್ರ ಮೂಲೆಯಲ್ಲಿ ಗೊರಗುಟ್ಟುತ್ತಿತ್ತು. “ಕೇಳಿಸ್ತು” ಎಂದ.

“ಅವನು ಕೇಳಿದ್ನಾ, ಬಂತಾ ಅಂತ? ಅವನು ಯಾವಾಗ್ಲೂ ಕೇಳ್ತಾನೆ.”

“ಸಂಖ್ಯೆ ಬರಲಿಲ್ಲ ಅಂದೆ.”

ಮಾರ್ನಾ ಕಣ್ಣು ಮುಚ್ಚಿದಳು. “ನನಗೋಸ್ಕರಾನಾ?”

ಹೌದೆನ್ನಲು ಅವನ ಬಾಯಿ ಹವಣಿಸಿತು. ಅದು ಹೌದಾಗಿದ್ದರೆ ಫೆಬ್ರವರಿಯ ಅಡುಗೆಮನೆಯಲ್ಲೇ ಆಗಬೇಕಿತ್ತು. ನಿನ್ನೆಯ ಗ್ಯಾರೇಜಿನಲ್ಲಿ ಆಗಬೇಕಿತ್ತು. ಆಗೆಲ್ಲ ಒಂದು ಮಾತು ಸಾಕಿತ್ತು, ರಕ್ತ ಬೇಕಿರಲಿಲ್ಲ. ಮಾತಿನ ಹೆದರಿಕೆಯಿಂದ ಮನುಷ್ಯ ಕೊಲೆಯ ಅಂಚಿಗೆ ಹೋಗಬಲ್ಲ. ಹೋಗಿ, ಅದನ್ನು ಪ್ರೀತಿಯೆಂದು ಕರೆದುಕೊಳ್ಳಬಲ್ಲ.

“ಯಾವ ಕೈ?”

“ಎಡಗೈ. ಉಳಿಯೋದಿಲ್ಲ ಅಂತಿದ್ದಾರೆ.”

ಅವಳು ನಕ್ಕಳು. ಫೆಬ್ರವರಿಯಲ್ಲಿ ನಕ್ಕಿದ್ದು ಇದೇ ನಗು; ಸಮಾಧಾನದ್ದಲ್ಲವೆಂದು ಈಗ ಕಂಡಿತು. “ಅವನು ಹೊಡೆಯೋದು ಬಲಗೈಯಲ್ಲಿ, ಡ್ಯಾಡ್.”

ಟೇಪಿನ ಅಂಚನ್ನು ಒತ್ತಿಕೊಳ್ಳುತ್ತ ಮತ್ತೆ ಹೇಳಿದಳು: “ಇನ್ನು ಅವನ ಗುಂಡಿ ಹಾಕೋದು ಯಾರು? ಮಾಂಸ ಕೊಯ್ದು ಕೊಡೋದು ಯಾರು? ಕೈ ಕಳ್ಕೊಂಡ ಗಂಡನ್ನ ಬಿಟ್ಟು ಓಡಿದ್ಲು ಅಂತ ಈ ಊರು ನನ್ನನ್ನ ಬಾಯಿಗೆ ಹಾಕ್ಕೊಂಡು ಅಗಿಯುತ್ತೆ. ಅಮ್ಮನೂ ಸೇರಿ.”

“ನೀನು ಹೋಗು. ಈಗಲೇ ಹೋಗು. ನಾನಿರ್ತೀನಿ.”

“ಇವತ್ತು ಬೆಳಿಗ್ಗೆ ಅವನ ಜೊತೆ ಇರು ಅಂತ ನಿನ್ನೆ ಅಂದಿದ್ದೆ. ಬರೀ ಕೂತಿರು ಅಂತ. ಅಷ್ಟೂ ಆಗ್ಲಿಲ್ಲ ನಿನ್ ಕೈಲಿ.” ಅವಳು ಎದ್ದು, ಕೋಟಿನ ಕಾಲರು ಸರಿಪಡಿಸಿಕೊಂಡಳು. “ಇದನ್ನೂ ಹಾರುಗುಂಡು ಅಂದ್ಕೊಳ್ಲಾ?”

ಒಳಗಿನ ಬಾಗಿಲು ತೆರೆದು ನರ್ಸು ರಾಯ್ಸ್‌ನ ಮನೆಯವರು ಯಾರೆಂದು ಕೇಳಿದಳು. ಎಚ್ಚರವಾಗಿದೆ, ಹೆಂಡತಿಯ ಹೆಸರನ್ನೇ ಕೂಗುತ್ತಿದ್ದಾನೆ, ಒಬ್ಬರು ಬರಬಹುದು ಎಂದಳು. ಮಾರ್ನಾ ಕಿಟಕಿಯ ಹೊರಗಿದ್ದ ತನ್ನ ಕಾರನ್ನು ಒಮ್ಮೆ ನೋಡಿದಳು. ಆಮೇಲೆ ಒಳಗೆ ಹೋದಳು. ಬಾಗಿಲು ಅವಳ ಹಿಂದೆ ತಾನಾಗಿ ಮುಚ್ಚಿಕೊಂಡು, ಬೀಗ ಬಿದ್ದ ಸದ್ದಾಯಿತು.

ಬಾಗಿಲಿನಲ್ಲಿ ಗೇಣುದ್ದದ ಗಾಜಿತ್ತು. ಓರಿನ್ ಅದಕ್ಕೆ ಮುಖ ಹಚ್ಚಿದ. ಒಳಗೆ ಮೊದಲ ಮಂಚದಲ್ಲೇ ರಾಯ್ಸ್ ಮಲಗಿದ್ದ. ಎಡತೋಳಿನ ತುದಿಯಲ್ಲಿ ಬಿಳಿ ಬಟ್ಟೆಯ ಉಂಡೆ. ಮಾರ್ನಾ ಮಂಚದಿಂದ ಒಂದು ಮಾರು ದೂರ ನಿಂತಳು. ಹೊದಿಕೆಯ ಕೆಳಗಿನಿಂದ ಬಲಗೈ ಹೊರಗೆ ಬಂತು. ಗೀರಿಲ್ಲದ, ತುಂಬಿದ, ಇಡಿಯಾದ ಕೈ. ಅದು ಗಾಳಿಯಲ್ಲಿ ಅವಳಿಗಾಗಿ ತಡಕಾಡಿತು. ಅವಳು ಹತ್ತಿರ ಬಂದಳು. ಕೈ ಅವಳ ಮಣಿಕಟ್ಟನ್ನು ಸುತ್ತಿಕೊಂಡು, ನಿಧಾನವಾಗಿ ಬಿಗಿಯಿತು. ಟೇಪು ಸುತ್ತಿದ ಎರಡು ಬೆರಳುಗಳು ನೆಟ್ಟಗೆ ನಿಂತವು.

“ರಾಯ್ಸ್, ನನ್ನ ಮಗಳ ಮೇಲೆ ಇನ್ನು ಕೈ ಮಾಡಬೇಡ” ಎಂದು ಓರಿನ್ ಹೇಳಿದ. ಬೆಳಿಗ್ಗೆ ಆರಿಸಿಕೊಂಡಿದ್ದ ಅದೇ ಮೆಲುದನಿಯಲ್ಲಿ, ಒಂದು ಪದವೂ ತಪ್ಪದೆ ಹೇಳಿದ. ಅವನ ಉಸಿರಿಗೆ ಗಾಜು ಮಸುಕಾಯಿತು. ಒರೆಸಿಕೊಂಡು ಮತ್ತೆ ಹೇಳಿದ. ಮೂರನೆಯ ಸಲ ಕೂಗಿದ. ಆಮೇಲೆ ಮುಷ್ಟಿಯಿಂದ ಬಾಗಿಲನ್ನು ಗುದ್ದತೊಡಗಿದ. ಬೆರಳ ಗೆಣ್ಣುಗಳ ಚರ್ಮ ಒಡೆದು ಗಾಜಿಗೆ ರಕ್ತ ಮೆತ್ತಿತು. ಹಿಂದಿನ ಕುರ್ಚಿಗಳಲ್ಲಿದ್ದವರು ಎದ್ದು ನಿಂತರು, ಯಾರೋ ಅವನ ತೋಳಿಗೆ ಕೈ ಹಾಕಿದರು. ಒಳಗೆ ಮಾರ್ನಾ ತಿರುಗಿ ನೋಡಲಿಲ್ಲ. ರಾಯ್ಸ್ ನೋಡಿದ.